ಹೊಸ್ತಿಲು ಹೇಳಿದ್ದು

ಊರಿನ ಮನೆಮನೆಗೂ ಮಾತಾಡುವ ಹೊಸ್ತಿಲು ಕೂರಿಸಿ ಹತ್ತು ವರ್ಷವಾಗಿತ್ತು. ದಾಟಿದವರ ಮೈಯೊಳಗಿನ ಸುದ್ದಿಯನ್ನು ಅದು ಮನೆಗೆಲ್ಲ ಕೇಳುವಂತೆ ಹೇಳಿಬಿಡುತ್ತಿತ್ತು. ಮಾವನ ಸಕ್ಕರೆ ಏರಿದ್ದಾಗಲಿ, ಮೈದುನ ಕುಡಿದು ಬಂದದ್ದಾಗಲಿ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅದಕ್ಕೆ ಅರಿಸಿನ ಬಳಿಯುತ್ತ ದಾಕ್ಷಾಯಣಿ ಮಗು ಬೇಡುತ್ತಿದ್ದಳು. ಬೇಡಿದ ಮರುಗಳಿಗೆಯೇ ಹೆದರುತ್ತಿದ್ದಳು. ಬಸಿರಾದರೆ ಎಷ್ಟನೆಯದೆಂದೂ ಹೊಸ್ತಿಲು ಹೇಳುತ್ತದೆ. ಮದುವೆಗೆ ಮುಂಚೆ ಅವಳು ಒಂದನ್ನು ತೆಗೆಸಿಕೊಂಡದ್ದು ಗಂಡ ಮಹಾಂತೇಶನೊಬ್ಬನಿಗೇ ಗೊತ್ತಿತ್ತು. ಅದು ಅವನದೇ. ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದವನೂ ಅವನೇ.

ಮದುವೆಯಾದ ನಾಲ್ಕನೇ ವರ್ಷ, ಗಂಡನ ಜೊತೆ ಸಂತೆಯಿಂದ ಬಂದು ಅವಳು ಒಳಗೆ ಕಾಲಿಟ್ಟದ್ದೇ ಹೊಸ್ತಿಲು ಹಿಗ್ಗಿ ಕೂಗಿತು: "ಶುಭಾಶಯ! ಎರಡನೇ ಬಸಿರು."

ಕಾಳು ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟಳು.

"ಎರಡನೇದಾ? ಮತ್ತ ಮೊದಲನೇದು ಯಾರದ?"

ದಾಕ್ಷಾಯಣಿ ಇನ್ನೂ ಹೊರಗೇ ನಿಂತಿದ್ದ ಗಂಡನತ್ತ ತಿರುಗಿದಳು.

"ನೀವರ ಹೇಳ್ರಿ."

ಮಹಾಂತೇಶ ಸಂತೆಚೀಲ ಎತ್ತಿಕೊಂಡು, ತಲೆ ತಗ್ಗಿಸಿ ಹೊಸ್ತಿಲು ದಾಟಿದ.

"ಆರೋಗ್ಯವಾಗಿದ್ದೀರಿ," ಎಂದಿತು ಅದು. "ಹೇಳುವಂಥದ್ದೇನೂ ಇಲ್ಲ."