ಕಾಲಿಗೆ ನೀರು

ದಿನೇಶ ಬೋಟಿನ ಕೀಲಿ ಹಿಡಿದು ಮೆಟ್ಟಿಲಿಳಿಯುವಷ್ಟರಲ್ಲಿ ಅಪ್ಪ ಈರ ತಂಬಿಗೆ ಬಗ್ಗಿಸಿ ಅವನ ಕಾಲಿಗೆ ನೀರು ಹೊಯ್ದೇಬಿಟ್ಟ. ಕಡಲಿನಿಂದ ಮರಳಿದವರಿಗೆ ಹಾಗೆ ನೀರು ಕೊಟ್ಟು ಒಳಗೆ ಕರೆಯುವುದು ಮಂಕಿ ಊರಿನ ಆ ಮನೆಯ ಪದ್ಧತಿ.

"ಬಂದ್ಯಾ ಮಗಾ? ಕಡಲು ಜೋರಿತ್ತಾ?"

"ಈಗಷ್ಟೇ ಹೊರಟದ್ದು ಅಪ್ಪಾ," ಎಂದ ದಿನೇಶ ಮೆಲ್ಲಗೆ. ಬೆಳಿಗ್ಗೆ ಎದ್ದಾಗ ಅಪ್ಪನ ತಲೆ ಹೀಗೇ ಮಂಕಾಗಿರುತ್ತಿತ್ತು. ಚಾ ಕುಡಿದು ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತು.

ಅಣ್ಣನ ಜೊತೆ ಹೊರಟಿದ್ದ ಪಾಂಡು ನಗುತ್ತ ತನ್ನ ಕಾಲನ್ನೂ ಮುಂದೆ ಚಾಚಿದ. "ನಂಗೂ ಹಾಕು ಅಪ್ಪಾ."

ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಈರ ಆ ಕಾಲಿನತ್ತ ನೋಡಲಿಲ್ಲ. ಪಾಂಡು ನಿಂತಲ್ಲಿ ಯಾರೂ ಇಲ್ಲವೆಂಬಂತೆ ಅವನಾಚೆಗೆ, ಗೇಟಿನ ತನಕ ಕಣ್ಣು ಹಾಯಿಸಿ, ದಿನೇಶನ ಕೈಯನ್ನು ಗಟ್ಟಿಯಾಗಿ ಹಿಡಿದ.

"ನೀ ಒಬ್ಬನೇ ಎಂತಕ್ಕೆ ಬಂದೆ? ತಮ್ಮ ಎಲ್ಲಿ?"