ಹೈವೇ ಆಚೆಯ ಹೊಲ

"ನಮ್ಮ ಹೊಲಕ್ಕ ಹಳದಿ ಹಚ್ಚಿಬಿಡವ್ವ," ಎನ್ನುತ್ತಲೇ ಮರುಳಸಿದ್ದಮ್ಮ ಪಂಚಾಯ್ತಿ ಕಚೇರಿಯಲ್ಲಿ ತ್ರಿವೇಣಿಯ ಮೇಜಿನ ಮುಂದೆ ಕೂತಳು. ಕೂತವಳು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು. "ಜಲ್ದಿ ಹಚ್ಚು. ಅವರು ಸಂತಿಯಿಂದ ಬರೂದ್ರಾಗ ನಾ ಮನಿ ಸೇರಬೇಕು."

ತ್ರಿವೇಣಿಗೆ ನಗು ಬಂತು. ಮರಿಯಮ್ಮನಹಳ್ಳಿಯ ಹೆದ್ದಾರಿಯ ಎರಡೂ ಬದಿಯ ಜಮೀನು ಮುಂದೆ ಏನಾಗಬೇಕೆಂಬ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಜನ ಏನನ್ನುತ್ತಾರೆಂದು ಕೇಳಿ ಬರೆದುಕೊಳ್ಳಲು ಅವಳನ್ನು ಹೊಸಪೇಟೆಯ ಯೋಜನಾ ಕಚೇರಿಯಿಂದ ಕಳಿಸಿದ್ದರು. ಹಳದಿ ಅಂದರೆ ಮನೆ, ಸೈಟು. ಹಸಿರು ಅಂದರೆ ಬೇಸಾಯ. ಇನ್ನೂ ತೀರ್ಮಾನವಾಗದ್ದು ಬಿಳಿ. ಇಷ್ಟನ್ನು ಕಲಿತದ್ದೇ ತಡ, ಊರಿನವರೆಲ್ಲ ಬಣ್ಣದ ಅಂಗಡಿಗೆ ಬಂದವರ ಹಾಗೆ ಮಾತಾಡತೊಡಗಿದ್ದರು.

"ಸೈಟ್ ಮಾಡಿ ಮಾರ್ತೀರೇನಮ್ಮ?"

"ಮಾರೂದು ಯಾರಿಗೆ ಬೇಕಾಗೇತಿ? ನಮ್ಮ ಮನಿಯವರಿಗೆ ಮೊಣಕಾಲು ಹೋಗ್ಯಾವು. ಹೊಲ ಹೈವೇ ಆಚಿ ಐತಿ. ಅಂಡರ್‌ಪಾಸ್‌ತನಕ ಯಾರು ಸುತ್ತಾಕ್ತಾರ ಅಂತ ಡಿವೈಡರ್ ಹತ್ತಿ ದಾಟ್ತಾರ. ಮೊನ್ನೆ ಕಾಲು ಎತ್ತಾಕಾಗದ ನಡುರಸ್ತ್ಯಾಗ ನಿಂತುಬಿಟ್ಟಾರ. ಅದಿರಿನ ಲಾರಿಯವ ಬ್ರೇಕ್ ಹಾಕಿ, ಬಾಯಿಗೆ ಬಂದಂಗ ಬೈದು ಹೋದನಂತ. ಮನ್ಯಾಗ ಒಂದು ಮಾತು ಹೇಳಿಲ್ಲ ನೋಡು! ಮಗ್ಗಲ ಮನಿ ನೀಲಗಂಗಮ್ಮ ಹೇಳಿದ್ಲು." ಅವಳ ದನಿ ಇಳಿಯಿತು. "ನಾ ಬಿಡ್ರಿ ಅಂದ್ರ ಹೊಲ ಬಿಡಂಗಿಲ್ಲ. ಸರಕಾರ ಬಿಡಿಸಿದ್ರ ಬಿಡ್ತಾರ. ಹಾರ್ನ್ ಕೇಳಿದಾಗೊಮ್ಮೆ ನನ್ನ ಎದಿ ಝಲ್ ಅಂತೈತವ್ವ."

ತ್ರಿವೇಣಿಯ ನಗು ನಿಂತಿತು. ಅವಳು ಪೆನ್ನು ಎತ್ತಿಕೊಂಡಳು.

"ಹೊಲ ಯಾರ ಹೆಸರಿನಲ್ಲಿದೆ?"

"ಅವರ ಹೆಸರಿನ್ಯಾಗ."

"ಅವರ ಹೆಸರು ಹೇಳಿ."

ಮರುಳಸಿದ್ದಮ್ಮನಿಗೆ ಈ ಹುಡುಗಿಗೆ ಹೆತ್ತವರು ಏನೂ ಕಲಿಸಿಲ್ಲ ಅನ್ನಿಸಿತು. "ಗಂಡನ ಹೆಸರು ಬಾಯಿಲೆ ಹೇಳ್ತಾರೇನು?" ಎಂದವಳೇ ಬೆನ್ನ ಮೇಲಿದ್ದ ನರೆತ ಹೆರಳನ್ನು ಮುಂದಕ್ಕೆಳೆದು ಅಲ್ಲಾಡಿಸಿದಳು. "ಇದು. ಇದಕ್ಕ ಅಪ್ಪ ಸೇರಿಸಿ ಬರಕೋ."

"ಕೂದಲಪ್ಪ?"

"ಯವ್ವಾ! ಹೆಣೆದಿದ್ದು ಕಾಣಂಗಿಲ್ಲೇನು?"

"ಜಡೆಪ್ಪ! ಅಯ್ಯೋ, ಅವರು ಬೆಳಿಗ್ಗೆ ಇಲ್ಲಿಗೇ ಬಂದಿದ್ದರಲ್ಲ!" ಎಂದು ತ್ರಿವೇಣಿ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಜಾರಿಹೋಗಿತ್ತು.

ಬೆಳಿಗ್ಗೆ ಜಡೆಪ್ಪ ಇದೇ ಕುರ್ಚಿಯಲ್ಲಿ ಕೂತು, ಹೀಗೇ ಬಾಗಿಲು ನೋಡುತ್ತ, ಹೊಲ ಹಸಿರಾಗಿಯೇ ಇರಲಿ ಎಂದು ಕೇಳಿಕೊಂಡಿದ್ದ. "ನನಗೇನ್ರಿ ಮೇಡಂ, ಕಟ್ಟಿ ಮ್ಯಾಲೆ ಕುಂತು ಕಾಲ ಕಳೀತೀನಿ. ಆಕಿ ಎಲ್ಲಿಗೆ ಹೋಗಬೇಕು? ಸೀಗಿ ಹುಣ್ಣಿಮಿಗೆ ಹೊಲಕ್ಕ ಎಡಿ ಮಾಡಿ, ಸುತ್ತಲೂ ಚರಗದ ಅನ್ನ ಚೆಲ್ಲಿ, ಎಲ್ಲಾರೂ ಉಂಡು ಹೋದ ಮ್ಯಾಲೆ ಒಬ್ಬಾಕಿನ ಕುಂತು ಹಾಡ್ತಾಳ. ಮನ್ಯಾಗ ಒಂದಿನ ಹಾಡಿದಾಕಿ ಅಲ್ಲ. ನಾ ಬನ್ನಿ ಗಿಡದ ಹಿಂದ ನಿಂತು ಕೇಳ್ತೀನಿ. ಇದನ್ನ ಆಕಿ ಕಿವಿಗೆ ಹಾಕಬ್ಯಾಡ್ರಿ ಮತ್ತ."

ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದ ಆ ಜಡೆಪ್ಪನೇ ಈಗ ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಒಳಗೆ ಹೋದದ್ದನ್ನು ಕಂಡು ಕುಂಟುತ್ತ ಬಂದಿದ್ದ.

"ನೀ ಯಾಕ ಬಂದಿ?"

"ಸಂತಿ ಇಲ್ಲೈತೇನ್ರಿ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಕೊನೆಗೆ ತ್ರಿವೇಣಿಯೇ ಧೈರ್ಯ ಮಾಡಿ, ಅವನು ಕೇಳಿಕೊಂಡದ್ದನ್ನು ಹಾಡಿನ ಗುಟ್ಟಿನ ಸಮೇತ ಅವಳಿಗೂ, ಅವಳು ಕೇಳಿಕೊಂಡದ್ದನ್ನು ಅವನಿಗೂ ಹೇಳಿಬಿಟ್ಟಳು. ಮರುಳಸಿದ್ದಮ್ಮನ ಮುಖ ಕೆಂಪಗಾಯಿತು. ಈ ವಯಸ್ಸಿನಲ್ಲಿ ಹಾಗೆ ನಾಚುವುದನ್ನು ನೋಡುವುದೇ ಒಂದು ಚೆಂದ.

"ಕದ್ದು ಕೇಳ್ತೀರೇನ್ರಿ?"

"ಎದುರಿಗೆ ಕುಂತ್ರ ನೀ ನಿಲ್ಲಿಸಿಬಿಡ್ತಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಸಿರ ಇರ್ಲಿ ಬಿಡವ್ವ. ಅವರು ಹೇಳಿದಂಗ ಬರಿ."

"ಬ್ಯಾಡ್ರಿ ಮೇಡಂ, ಹಳದಿ ಹಾಕ್ರಿ. ಆಕಿ ಹೇಳಿದಂಗ ಬರೀರಿ."

"ಸುಮ್ನಿರ್ರಿ ನೀವು."

"ನೀ ಸುಮ್ನಿರು."

ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದವಳು ತ್ರಿವೇಣಿ. ಅವಳು ಗೋಡೆಯ ನಕ್ಷೆಯನ್ನೊಮ್ಮೆ, ಇವರಿಬ್ಬರನ್ನೊಮ್ಮೆ ನೋಡಿದಳು. "ಮನೇಲಿ ಮಾತಾಡಿಕೊಂಡು ಸೋಮವಾರ ಬನ್ನಿ. ಅಲ್ಲೀವರೆಗೆ ಬಿಳಿಯೇ ಇರಲಿ. ಹತ್ತಿರದಲ್ಲಿ ದಾಟೋದಕ್ಕೊಂದು ದಾರಿ ಬೇಕು ಅಂತ ಮಾತ್ರ ಈಗಲೇ ಬರೀತೀನಿ," ಎಂದಳು. ದಾರಿಯಾಗುವುದು ಅವಳ ಕೈಯಲ್ಲಿರಲಿಲ್ಲ, ಆದರೂ ಹಾಗೆ ಹೇಳದೆ ಅವಳಿಂದ ಇರಲಾಗಲಿಲ್ಲ.

ಹೆದ್ದಾರಿಯ ಅಂಚಿಗೆ ಬಂದ ಜಡೆಪ್ಪ ರೂಢಿಯಂತೆ ಧೋತರ ಮೇಲೆತ್ತಿ ಕಟ್ಟಿದ. ಆಚೆ ಬದಿಯಲ್ಲಿ ಅವನ ಸಜ್ಜೆ ಹೊಲ, ಹೊಲದ ತುಂಬ ಗುಬ್ಬಿಗಳು. ಅಷ್ಟರಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತ ಹಾದುಹೋಯಿತು. ಮರುಳಸಿದ್ದಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಜಡೆಪ್ಪ ಅವಳನ್ನೇ ನೋಡಿದ. ನೋಡಿ, ಕಟ್ಟಿದ ಧೋತರ ಇಳಿಬಿಟ್ಟು, ಅಂಡರ್‌ಪಾಸಿನ ಕಡೆ ತಿರುಗಿ ನಡೆಯತೊಡಗಿದ.

"ಅಷ್ಟು ದೂರ ಕಾಲು ನೋಯಂಗಿಲ್ಲೇನ್ರಿ?" ಎಂದು ಅವಳು ಹಿಂದಿನಿಂದ ಕೂಗಿದಳು.

"ನೋಯ್ತಾವು," ಎಂದ ಜಡೆಪ್ಪ. "ಕಾಲಷ್ಟ ನೋಯ್ಲಿ, ಬಾ."