ಮಂಪರು ಇಳಿಯುವ ತನಕ

“ಅತ್ತಿ, ನಿಮ್ಮ ಹೆಸರೇನ್ರಿ?”

ಸುಂದ್ರವ್ವ ಕೇಳಿದ್ದು ನಾಲ್ಕನೆಯ ಸಲ. ಉದ್ದವ್ವ ಕಣ್ಣು ಅರ್ಧ ತೆರೆದಳು. ಊದಿದ ದವಡೆಗೆ ಬಟ್ಟೆ ಕಟ್ಟಿತ್ತು.

“ನನ್ನ ಹೆಸರಾ? ಅಪ್ಪನ್ನ ಕೇಳಬೇಕು. ಹೊಲಕ್ಕ ಹೋಗ್ಯಾನ.”

ಆ ಅಪ್ಪ ಸತ್ತು ಮೂವತ್ತು ವರ್ಷವಾಗಿತ್ತು.

ಬೆಳ್ಳಂಬೆಳಿಗ್ಗೆ ಗೋಕಾಕದಲ್ಲಿ ಮುದುಕಿಯ ದವಡೆಹಲ್ಲು ಕೀಳಿಸಿ ಘೋಡಗೇರಿಗೆ ಕರೆತಂದವನು ಮಗ ಹಣಮಂತ. ಹೊಸ್ತಿಲಲ್ಲಿ ನಿಂತೇ ಹೆಂಡತಿಗೆ ಹೇಳಿದ್ದ: “ಕ್ಲೋರೋಫಾರ್ಮ್ ಕೊಟ್ಟಾರ. ಹೊತ್ತು ಮುಳುಗೂತನಕ ಬುದ್ಧಿ ನೆಟ್ಟಗಿರೂದಿಲ್ಲಂತ. ಬಾಜೂಕ ಕೂತು ತಾಸಿಗೊಮ್ಮಿ ಹೆಸರು ಕೇಳು. ಹಂಗ ನಿದ್ದಿ ಹತ್ತಿದ್ರ ಜೀವಾನ ಹೋದೀತು, ಬಿಟ್ಟು ಏಳಬ್ಯಾಡ ಅಂದಾರ ಡಾಕ್ಟರು.” ಮನೆಯಲ್ಲಿ ಗದ್ದಲವೂ ಆಗಬಾರದಂತೆ. ತಮ್ಮಿಬ್ಬರ ಮಗಳು ಸೀತವ್ವನನ್ನು ಮಮದಾಪುರದ ತನ್ನ ಅಕ್ಕನ ಮನೆಗೆ ಬಿಟ್ಟುಬರುತ್ತೇನೆಂದು ಕರೆದುಕೊಂಡು ಹೋದ.

ಸುಂದ್ರವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಡಾಕ್ಟರ ಮಾತೆಂದರೆ ಮಾತು. ಒಲೆಯ ಮೇಲಿನ ಬೇಳೆ ಸೀದು ವಾಸನೆ ಬಂದರೂ ಏಳಲಿಲ್ಲ.

ಮಧ್ಯಾಹ್ನ ಉದ್ದವ್ವ ಎರಡು ಬಟ್ಟಲು ಗಂಜಿ ಕುಡಿದಳು. ತನ್ನ ಅಣ್ಣ ಇದೇ ಔಷಧದಿಂದ ಎದ್ದು ದಿನವಿಡೀ ವಾಂತಿ ಮಾಡಿಕೊಂಡದ್ದು ಸುಂದ್ರವ್ವನಿಗೆ ನೆನಪಾಯಿತು. ಗಟ್ಟಿ ಜೀವ ಎಂದುಕೊಂಡಳು.

“ನೀ ಯಾರ ಸೊಸಿ ಬೇ? ಎಷ್ಟ ಶಾಣ್ಯಾಕಿ ಅದಿ,” ಎಂದು ಮುದುಕಿ ಅವಳ ಕೈ ಹಿಡಿದುಕೊಂಡಳು. “ನಿನ್ನ ಅತ್ತಿ ಪುಣ್ಯಾ ಮಾಡ್ಯಾಳ.”

ಹದಿನೈದು ವರ್ಷದ ಸಂಸಾರದಲ್ಲಿ ಕೇಳದ ಮಾತು. ಸುಂದ್ರವ್ವನಿಗೆ ನಗುವೂ ಬಂತು, ಆಸೆಯೂ ಹುಟ್ಟಿತು.

ಸೀತವ್ವನಿಗೆ ಹದಿಮೂರು. ಅವಳನ್ನು ಕಣಗಲಾದಲ್ಲಿದ್ದ ತನ್ನ ಕಿರಿಯ ತಮ್ಮ, ನಲವತ್ತು ದಾಟಿದ ವಿಧುರ ವೀರಪ್ಪನಿಗೆ ಕೊಡುವುದೆಂದು ಉದ್ದವ್ವ ಮಾತು ಕೊಟ್ಟಿದ್ದಳು. “ಕೂಸಿನ ಲಗ್ನಾ ಮಾಡಿದ್ರ ಹಂದರಕ್ಕ ಹುಕ್ಕೇರಿ ಪೊಲೀಸರನ್ನ ಕರಕೊಂಡ ಬರ್ತೇನಿ,” ಎಂದು ಸುಂದ್ರವ್ವ ಎದೆಗೊಟ್ಟು ನಿಂತ ಮೇಲೆ, ಹದಿನೈದು ದಿನದಿಂದ ಮನೆಯಲ್ಲಿ ಆ ಸುದ್ದಿಯೇ ಇರಲಿಲ್ಲ.

ಮಂಪರಿನಲ್ಲಿರುವವರ ಬಾಯಿಂದ ಮಾತು ಕಸಿಯುವುದು ಪಾಪ. ಆದರೂ ಬಾಗಿ ಕೇಳಿದಳು: “ಸೀತವ್ವನ್ನ ವೀರಪ್ಪಗ ಕೊಡೂದ ಬ್ಯಾಡ. ಗೋಕಾಕ ಸಾಲಿಗಿ ಕಳಸೂಣಲ್ರಿ?”

“ಅಯ್ಯ, ಆ ಮುದುಕಗ ಯಾಕ ಕೊಡ್ತಿ? ಸಾಲಿ ಕಲೀಲಿ ತಗೀ.”

ಮೂರು ಸಲ ಹೇಳಿಸಿದಳು. ಗಂಡನ ಮುಂದೆಯೂ ಒಮ್ಮೆ ಹೇಳಿಬಿಟ್ಟರೆ ಸಾಕು. ಅಲ್ಲಿಯವರೆಗೆ ಈ ಬುದ್ಧಿ ತಿಳಿಯಾಗದಿರಲಿ ಎಂದು ದೇವರನ್ನು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ತಾನೇ ನಾಚಿದಳು.

ದೀಪ ಹಚ್ಚುವ ಹೊತ್ತಿಗೆ ಹಣಮಂತ ಒಬ್ಬನೇ ಒಳಗೆ ಬಂದ. ಸುಂದ್ರವ್ವ ಆತುರದಿಂದ ಅತ್ತೆಯ ಭುಜ ಅಲುಗಿಸಿದಳು. “ನನಗ ಹೇಳಿದ್ದ ಇವರಿಗೂ ಹೇಳ್ರಿ, ಅತ್ತಿ.”

ಉದ್ದವ್ವ ದವಡೆಯ ಬಟ್ಟೆ ಬಿಚ್ಚಿ, ನೆಟ್ಟಗೆ ಕುಳಿತು, ಮಗನನ್ನು ನೋಡಿದಳು.

“ಏನೋ ಹಣಮಂತಾ, ಮುಹೂರ್ತಕ್ಕ ಸರಿಯಾಗಿ ಸೀತವ್ವನ ಮ್ಯಾಲ ಅಕ್ಕಿಕಾಳು ಬಿದ್ದುವಲ್ಲಾ?”